ಕುದುರೆ ಕೂದಲು ಕಟ್ಟಿದ ಕಣ್ಣು

ಮತ್ತಿಕೆರೆಯ ನಮ್ಮ ವಠಾರದಲ್ಲಿ ನನ್ನನ್ನು ಗಯ್ಯಾಳಿ ಎನ್ನುತ್ತಿದ್ದರು. ಎದುರಿಗಲ್ಲ. ನಲ್ಲಿಯ ಮುಂದೆ ಕೊಡದ ಸಾಲಿನಲ್ಲಿ ನಿಂತು, ನನ್ನ ಕಿವಿಗೆ ಬೀಳುವಷ್ಟೇ ಮೆಲ್ಲಗೆ. ಆ ಬಿರುದು ಬಂದದ್ದು ಒಂದು ನಾಯಿಯ ಕಣ್ಣಿನ ದೆಸೆಯಿಂದ. ಈಗಲೂ ಆ ಕಾಲದವರು ಯಾರಾದರೂ ಸಿಕ್ಕರೆ, ನಾಯಿಗೋಸ್ಕರ ಇದ್ದ ಮನೆ ಬಿಟ್ಟವಳಲ್ಲವೇ ನೀನು ಎಂದು ನಗುತ್ತಾರೆ. ನಗಲಿ. ಬಿಟ್ಟವಳೇ ಹೌದು. ನಾಳೆ ಅಂಥದೇ ಸಂದರ್ಭ ಬಂದರೆ ನಾಳೆಯೂ ಬಿಡುತ್ತೇನೆ, ಬಾಗಿಲನ್ನು ಇನ್ನೂ ಜೋರಾಗಿ ಎಳೆದುಕೊಂಡು ಹೋಗುತ್ತೇನೆ.

ಎಂಬತ್ತರ ದಶಕದ ಮಧ್ಯದ ಮಾತು. ನಾನು ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಕೈಗಡಿಯಾರ ಜೋಡಿಸುವ ಕೆಲಸದಲ್ಲಿದ್ದೆ. ಮನೆಯಲ್ಲಿ ಅಮ್ಮ ಮತ್ತು ನಾನು, ಇಬ್ಬರೇ. ವಠಾರವೆಂದರೆ ಎದುರುಬದುರು ಎರಡು ಸಾಲು ಹೆಂಚಿನ ಮನೆಗಳು, ನಡುವೆ ಕಲ್ಲು ಹಾಸಿದ ಅಂಗಳ, ಎಲ್ಲರಿಗೂ ಸೇರಿ ಒಂದು ನಲ್ಲಿ. ಕೊನೆಯಲ್ಲಿ ಮಾಲೀಕರ ಮನೆ, ಅದರ ಮಗ್ಗುಲಿಗೆ ಕೊಟ್ಟಿಗೆ. ಮಾಲೀಕರದು ಮತ್ತಿಕೆರೆ ಬರೀ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ. ಹೊಲವೆಲ್ಲ ಲೇಔಟಾಗಿ ಹೋದ ಮೇಲೂ ಅವರು ಹಸು ಸಾಕುವುದನ್ನು ಬಿಟ್ಟಿರಲಿಲ್ಲ. ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ತಾವೇ ಹಾಲು ಹಾಕಿ ಬರುತ್ತಿದ್ದರು. ಹಸುವಿನ ಹೊಟ್ಟೆ ಉಬ್ಬರಿಸಿದರೆ, ಕರು ಅಡ್ಡ ತಿರುಗಿದರೆ, ಸುತ್ತಲಿನ ಬೀದಿಗಳವರೆಲ್ಲ ಅವರನ್ನೇ ಕರೆಯುತ್ತಿದ್ದರು. ಅವರ ಕೈಗುಣ ಒಳ್ಳೆಯದು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೈಗುಣ ಇದೆ ಎಂದು ನಾಲ್ಕು ಜನ ಹೇಳಿಬಿಟ್ಟರೆ ಕೈ ಸುಮ್ಮನೆ ಇರುವುದಿಲ್ಲ. ತೊಂದರೆ ಇದ್ದದ್ದು ಅಲ್ಲಿ.

ಹಾಲು ಹಾಕಿಸಿಕೊಳ್ಳುತ್ತಿದ್ದ ಒಬ್ಬ ಅಧಿಕಾರಿಗೆ ಉತ್ತರದ ಕಡೆ ವರ್ಗವಾಯಿತು. ಹೋಗುವಾಗ ತಮ್ಮ ನಾಯಿಮರಿಯನ್ನು ಮಾಲೀಕರ ಕೈಗೆ ಕೊಟ್ಟು ಹೋದರು. ಹೆಣ್ಣುಮರಿ, ಜೇನಿನ ಬಣ್ಣ, ನೆಲ ಗುಡಿಸುವಂಥ ಉದ್ದ ಕಿವಿ. ವಠಾರದಲ್ಲಿ ಅಂಥ ಜಾತಿನಾಯಿಯನ್ನು ಯಾರೂ ಕಂಡಿರಲಿಲ್ಲ. ಮಾಲೀಕರಿಗೆ ಎಲ್ಲಿಲ್ಲದ ಹೆಮ್ಮೆ. ಬೆಳಗ್ಗೆ ಹಾಲಿನ ಸೈಕಲ್ಲಿನ ಹಿಂದೆ ಅದು ಕಿವಿ ಹಾರಿಸಿಕೊಂಡು ಓಡುತ್ತಿದ್ದರೆ ಬೀದಿಯ ಮಕ್ಕಳೆಲ್ಲ ಹಿಂದೆ ಬೀಳುತ್ತಿದ್ದರು. ಮರಿ ಬೆಳೆದು ದೊಡ್ಡದಾಗುವ ಹೊತ್ತಿಗೆ ಅದರ ಎಡಗಣ್ಣಿನ ಒಳಮೂಲೆಯಲ್ಲಿ, ಮೂಗಿನ ಕಡೆಗೆ, ಕೆಂಪಗೆ ಒಂದು ಗಂಟು ಎದ್ದಿತು. ಗುಲಗಂಜಿಗಿಂತ ತುಸು ದೊಡ್ಡದು, ಒದ್ದೆ ಒದ್ದೆ.

ಆ ಕಾಲದಲ್ಲಿ ಮೈಮೇಲೆ ನರಹುಲಿ ಎದ್ದರೆ ಕುದುರೆಯ ಬಾಲದ ಕೂದಲು ಕಟ್ಟುವುದು ಎಲ್ಲರಿಗೂ ಗೊತ್ತಿದ್ದ ಮದ್ದು. ನರಹುಲಿಯ ಬುಡಕ್ಕೆ ಕೂದಲನ್ನು ಬಿಗಿದು ಗಂಟು ಹಾಕಿಬಿಟ್ಟರೆ ರಕ್ತ ಓಡದೆ ಅದು ಕಪ್ಪಗಾಗಿ ಒಣಗಿ ಉದುರುತ್ತದೆ. ಹುಡುಗಿಯರ ಕತ್ತಿನ ಮೇಲಿನದಕ್ಕೂ ಅದೇ, ಹಸುವಿನ ಮೊಲೆಯ ಮೇಲಿನದಕ್ಕೂ ಅದೇ. ಮಾಲೀಕರು ಆ ಮದ್ದಿನಲ್ಲಿ ಪಳಗಿದವರು. ನಾಯಿಯ ಕಣ್ಣಲ್ಲಿ ಎದ್ದದ್ದೂ ನರಹುಲಿಯೇ ಎಂದು ತೀರ್ಮಾನಿಸಿ, ಯಶವಂತಪುರದ ಸ್ಟೇಷನ್ ಮುಂದಿನ ಜಟಕಾ ಗಾಡಿಯವನಿಂದ ಒಂದು ಕೂದಲು ಕಿತ್ತು ತಂದು, ಹರಳೆಣ್ಣೆಯಲ್ಲಿ ನೆನೆಸಿ, ನಾಯಿಯನ್ನು ಇಬ್ಬರ ಕೈಲಿ ಹಿಡಿಸಿ ಕಟ್ಟಿಯೇಬಿಟ್ಟರು. ನಾನು ಬೆಳಗಿನ ಪಾಳಿಯಲ್ಲಿದ್ದೆ, ನೋಡಲಿಲ್ಲ. ನಾಯಿ ಹೇಗೆ ಕೂಗಿತು ಎಂಬುದನ್ನು ಅಮ್ಮ ಆಮೇಲೆ ಹೇಳಿದರು. ಕೆಲವು ದಿನಕ್ಕೆ ಗಂಟು ಉದುರಿತು. ಮಾಲೀಕರು ಅದನ್ನು ಒಂದು ಎಲೆಯ ಮೇಲೆ ಇಟ್ಟು ಮನೆ ಮನೆಗೆ ತೋರಿಸಿದರು. ಕಣ್ಣು ಮೊದಲಿನ ಹಾಗೆ ಆಯಿತು ಎಂದು ಎಲ್ಲರೂ ಹೊಗಳಿದರು.

ಆಗಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಣ್ಣಿನ ತುಂಬ ಹಳದಿ ಗೀಜು ಕಟ್ಟತೊಡಗಿತು. ತೆಳ್ಳಗೆ ನೀರಾಗಿ ಹರಿಯುವಂಥದ್ದಲ್ಲ. ಗಂಜಿಯ ಹಾಗೆ ಮಂದವಾಗಿ, ಎಳೆ ಎಳೆಯಾಗಿ ಕಣ್ಣುಗುಡ್ಡೆಗೇ ಅಂಟಿಕೊಳ್ಳುವಂಥದ್ದು. ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಉಷ್ಣ ಎಂದರು ಕೆಲವರು. ನಂದಿಬಟ್ಟಲು ಹೂವಿನ ರಸ ಹಿಂಡಿದರು. ಆ ವರ್ಷ ಊರಿಗೆಲ್ಲ ಮದ್ರಾಸ್ ಐ ಬಂದಿತ್ತು, ಪ್ರತಿ ಮನೆಯ ಗೂಡಿನಲ್ಲೂ ಅರ್ಧ ಉಳಿದ ಕಣ್ಣಿನ ಹನಿಯ ಸೀಸೆ ಇತ್ತು. ಯಾರದೋ ಮನೆಯದನ್ನು ಅದಕ್ಕೂ ಬಿಟ್ಟರು. ನಾಯಿ ಬಿಸಿಲಿಗೆ ಬರುವುದನ್ನು ನಿಲ್ಲಿಸಿತು. ಕಣ್ಣು ಅರೆಮುಚ್ಚಿಕೊಂಡು ಕೊಟ್ಟಿಗೆಯ ಕತ್ತಲಲ್ಲಿ ಹುಲ್ಲಿನ ಹಿಂದೆ ಕೂರುತ್ತಿತ್ತು. ಹಾಲಿನ ಕ್ಯಾನಿನ ಪಕ್ಕ ಇಂಥ ಕಣ್ಣಿನ ನಾಯಿ ಇದ್ದರೆ ಹಾಲು ಯಾರು ಕೊಳ್ಳುತ್ತಾರೆ? ಗಿರಾಕಿಗಳು ಮುಖ ಸಿಂಡರಿಸತೊಡಗಿದ ಮೇಲೆ ಮಾಲೀಕರು ಅದನ್ನು ಹೆಬ್ಬಾಳದ ಕೆರೆ ಏರಿಯ ಕಡೆ ಬಿಟ್ಟುಬರುವುದಾಗಿ ಹೇಳಿದರು.

ನನಗೆ ಕೊಡಿ ಎಂದೆ. ಅವರು ನಕ್ಕು, ತಗೊಂಡು ಹೋಗಮ್ಮ, ಪುಣ್ಯ ಬರುತ್ತೆ ಎಂದರು. ಅಂಗಳದಲ್ಲಿ ಅರ್ಧ ವಠಾರದ ಎದುರಿಗೆ ಹೇಳಿದ ಮಾತು ಅದು. ನೆನಪಿಟ್ಟುಕೊಂಡೆ. ಇಂಥ ಮಾತುಗಳನ್ನು ನಾನು ಮರೆಯುವವಳಲ್ಲ.

ಅಮ್ಮ ಆ ರಾತ್ರಿ ನನ್ನ ಕಡೆ ಬೆನ್ನು ಹಾಕಿ ಮಲಗಿದರು. ಮದುವೆಯಾಗದ ಮಗಳು ಮನೆಗೆ ಕುರುಡು ನಾಯಿ ತಂದಳಲ್ಲ ಎಂಬ ಸಂಕಟ ಅವರದು. ಮರುದಿನ ಪಾಳಿಯಿಂದ ಬಂದು, ಬೆಳಕಿರುವಾಗಲೇ ನಾನು ಬತ್ತಿಯ ಹತ್ತಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಅದರ ಕಣ್ಣು ತೊಳೆದೆ. ತೊಳೆದ ಮೇಲೆ ನನ್ನ ಲೂಪು ತೆಗೆದುಕೊಂಡು ಬಂದೆ. ಗಡಿಯಾರದ ಕೆಲಸದವರು ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಮಸೂರ ಅದು. ಹಳೆಯದೊಂದು ನನ್ನ ಹತ್ತಿರ ಮನೆಯಲ್ಲಿತ್ತು. ಕಿಟಕಿಯ ಎದುರಿಗೆ ನಾಯಿಯನ್ನು ಕೂರಿಸಿ ಮೊದಲು ಅದರ ಒಳ್ಳೆಯ ಕಣ್ಣು ನೋಡಿದೆ. ಅದರಲ್ಲಿ ನಮ್ಮ ಕಿಟಕಿ ಪೂರ್ತಿ ಕಾಣುತ್ತಿತ್ತು: ಸರಳುಗಳು, ಅಡ್ಡಪಟ್ಟಿ, ಆಚೆಯ ತಂತಿಯ ಮೇಲಿನ ಸೀರೆ. ಆಮೇಲೆ ಎಡಗಣ್ಣು ನೋಡಿದೆ. ಅಲ್ಲಿ ಕಿಟಕಿಯೇ ಇರಲಿಲ್ಲ. ಬೆಳಕು ಚೂರು ಚೂರಾಗಿ ಬಿದ್ದಿತ್ತು. ಕಣ್ಣಿನ ಮೇಲ್ಮೈ ಒರಟಾಗಿ ಮಂಕಾಗಿತ್ತು, ಮೂಗಿನ ಕಡೆಯಿಂದ ಕಂದು ಬಣ್ಣದ ಒಂದು ಪದರ ಒಳಗೆ ಹರಿಯತೊಡಗಿತ್ತು. ಏನಾಗಿದೆ ಎಂದು ನನಗೆ ತಿಳಿಯಲಿಲ್ಲ. ಏನೋ ಆಗಿದೆ, ಅದು ಉಷ್ಣವಲ್ಲ ಎಂದು ಮಾತ್ರ ತಿಳಿಯಿತು.

ಹೆಬ್ಬಾಳದ ಪ್ರಾಣಿಗಳ ಆಸ್ಪತ್ರೆಗೆ ನಡೆದೇ ಹೋದೆವು. ನಾಯಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳುತ್ತಿರಲಿಲ್ಲ. ಆಗ ಆ ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಮನೆ, ನಡುವೆ ರಾಗಿ ಹೊಲ, ತೋಟ, ರೈಲು ಹಳಿ. ಆಸ್ಪತ್ರೆಯ ಜಗುಲಿಯ ತುಂಬ ಎತ್ತು, ಎಮ್ಮೆ, ಕುರಿ. ಇವುಗಳ ನಡುವೆ ನಾಯಿ ಹಿಡಿದುಕೊಂಡು ನಿಂತ ನನ್ನನ್ನು ಎತ್ತಿನವರು ವಿಚಿತ್ರವಾಗಿ ನೋಡಿದರು. ನಾನೂ ತಿರುಗಿ ಅಷ್ಟೇ ನೋಡಿದೆ.

ಡಾಕ್ಟರು ನನಗಿಂತ ಸ್ವಲ್ಪ ದೊಡ್ಡವರಿರಬಹುದು, ತಾಳ್ಮೆಯವರು. ಒಂದು ಸಣ್ಣ ಕಾಗದದ ಪಟ್ಟಿಯ ತುದಿಯನ್ನು ಮಡಿಚಿ ನಾಯಿಯ ಕೆಳರೆಪ್ಪೆಯೊಳಗೆ ಸಿಕ್ಕಿಸಿ ಗಡಿಯಾರ ನೋಡುತ್ತಾ ಕೂತರು. ಬಲಗಣ್ಣಿನ ಕಾಗದ ನೋಡನೋಡುತ್ತಲೇ ಒದ್ದೆಯಾಯಿತು. ಎಡಗಣ್ಣಿನದು ಒಣಗಿದ ಹಾಗೇ ಉಳಿಯಿತು. ಈ ಕಣ್ಣಿನಲ್ಲಿ ನೀರೇ ಇಲ್ಲ ಎಂದರು. ನಾನು ಗಂಟಿನ ಕಥೆ, ಕುದುರೆ ಕೂದಲಿನ ಕಥೆ ಎಲ್ಲ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ನಾಯಿ ಬೆಕ್ಕುಗಳಿಗೆ ನಮಗಿಲ್ಲದ ಒಂದು ಮೂರನೆಯ ರೆಪ್ಪೆ ಒಳಮೂಲೆಯಲ್ಲಿ ಇರುತ್ತದೆ, ಅದರ ಬುಡದಲ್ಲಿ ಕಣ್ಣೀರು ಮಾಡುವ ಒಂದು ಗ್ರಂಥಿ ಇರುತ್ತದೆ ಎಂದು ಹೇಳಿದರು. ಉದ್ದ ಕಿವಿಯ ಈ ಜಾತಿಯಲ್ಲಿ ಅದು ಹಿಡಿತ ತಪ್ಪಿ ಜಾರಿ ಆಚೆ ಬರುವುದುಂಟು. ಕಟ್ಟಿ ಉದುರಿಸಿದ್ದು ನರಹುಲಿಯನ್ನಲ್ಲ, ಕಣ್ಣೀರಿನ ದೊಡ್ಡ ಪಾಲನ್ನು. ನೀರಿಲ್ಲದ ಕಣ್ಣು ರೆಪ್ಪೆ ಬಡಿದಾಗಲೆಲ್ಲ ಉಜ್ಜಿ ಉಜ್ಜಿ ಗಾಯವಾಗುತ್ತದೆ, ಗೀಜು ಕಟ್ಟುತ್ತದೆ, ಕೊನೆಗೆ ಚರ್ಮದ ಹಾಗೆ ದಪ್ಪಗಾಗಿ ಮುಚ್ಚಿಕೊಳ್ಳುತ್ತದೆ. ಎಲ್ಲರೂ ಇದನ್ನು ಕಣ್ಣು ಬಂದಿದೆ ಎಂದುಕೊಂಡು ಔಷಧಿ ಬಿಡುತ್ತಲೇ ಇರುತ್ತಾರೆ, ಒಣಗಿರುವುದನ್ನು ಯಾರೂ ನೋಡುವುದಿಲ್ಲ ಎಂದರು. ಮನುಷ್ಯರ ಸೀಸೆಯಲ್ಲಿ ಉಳಿದ ಹನಿಯನ್ನು ಮಾತ್ರ ಬಿಡಲೇಬೇಡಿ, ಕೆಲವುಗಳಲ್ಲಿ ಉರಿ ತಗ್ಗಿಸುವ ಮದ್ದು ಇರುತ್ತದೆ, ಗಾಯವಾದ ಕಣ್ಣನ್ನು ಅದು ಕರಗಿಸಿಬಿಡುತ್ತದೆ ಎಂದೂ ಹೇಳಿದರು.

ಹೋದ ಗ್ರಂಥಿ ವಾಪಸ್ಸು ಬರುವುದಿಲ್ಲ. ಅದರ ಬದಲು ನಾವು ನೀರು ಹಾಕಬೇಕು. ಬೆಳಗ್ಗೆ ತೊಳೆದು ಮುಲಾಮು, ಆಮೇಲೆ ದಿನವಿಡೀ ಆಗಾಗ ಹನಿ, ಮಲಗುವಾಗ ಮತ್ತೆ ಮುಲಾಮು, ಅದೂ ಬದುಕಿರುವತನಕ. ನಾನು ಕಾರ್ಖಾನೆಯ ಬಸ್ಸಿಗೆ ಬೆಳಗಾಗುವ ಮೊದಲೇ ಹೊರಡುವವಳು. ಹಗಲಿಗೆ ಯಾರು? ಅಮ್ಮನನ್ನು ಕೇಳಲಿಲ್ಲ. ಸೀಸೆಯನ್ನು ಒಲೆಯ ಮೇಲಿನ ಗೂಡಿನಲ್ಲಿ ಅವರ ಕಣ್ಣಿಗೆ ಬೀಳುವ ಹಾಗೆ ಇಟ್ಟು ಹೋದೆ. ಸಂಜೆ ಬಂದಾಗ ಸೀಸೆ ಜಾಗ ಬದಲಾಯಿಸಿತ್ತು. ಪಕ್ಕದ ಮನೆಯಾಕೆ ನಾಯಿಯ ತಲೆ ಹಿಡಿದಿದ್ದಳಂತೆ, ಅಮ್ಮ ಹನಿ ಬಿಟ್ಟಿದ್ದರಂತೆ. ಪಕ್ಕದವರು ಮನೆಯಲ್ಲಿ ದಖ್ನಿ ಮಾತಾಡುವ ಸಾಬರು. ಆಕೆಯ ಗಂಡ ಯಶವಂತಪುರದ ಮರದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನಾಯಿ ಮುಟ್ಟಿದರೆ ನಮಾಜಿಗೆ ಮೊದಲು ಕೈಕಾಲು ತೊಳೆಯಬೇಕು, ಅಷ್ಟೇ ತಾನೇ, ತೊಳೆದರಾಯಿತು ಎಂದಳಂತೆ ಆಕೆ. ಅಮ್ಮ ಮಡಿಯವರು. ನಾಯಿಯ ಕಣ್ಣಿಗೆ ಹನಿ ಬಿಟ್ಟ ಮೇಲೆ ಅವರೂ ಸ್ನಾನ ಮಾಡುತ್ತಿದ್ದರು. ಹೀಗೆ ಇಬ್ಬರು ಹೆಂಗಸರು ತಮ್ಮ ತಮ್ಮ ದೇವರಿಗೆ ತೊಳೆದುಕೊಂಡು ಒಂದು ನಾಯಿಯ ಕಣ್ಣು ನೋಡಿಕೊಂಡರು.

ಗೀಜು ನಿಂತಿತು. ನಾಯಿ ಮತ್ತೆ ಬಿಸಿಲಿಗೆ ಬಂತು. ಕಂದು ಪದರ ಮಾತ್ರ ಹೋಗಲಿಲ್ಲ; ಎಡಗಡೆ ಕೈ ಆಡಿಸಿದರೆ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಇದ್ದದ್ದು ಇನ್ನೊಂದೇ ಕಣ್ಣು. ದಿನಾ ಬೆಳಗ್ಗೆ ದೀಪದ ಕೆಳಗೆ ಅದನ್ನು ನೋಡದೆ ನಾನು ಬಸ್ಸು ಹತ್ತುತ್ತಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಬೆಕ್ಕಿನ ಎರಡು ಕಣ್ಣಿಗೂ ಒಳಮೂಲೆಯಿಂದ ಬಿಳಿ ಪರದೆ ಅರ್ಧಕ್ಕೆ ಬಂದು ನಿಂತಿತು. ಪೊರೆ ಬಂದಿದೆ, ಕೀಳಿಸಬೇಕು ಎಂದು ಅಂಗಳದಲ್ಲಿ ಎಲ್ಲರೂ ತೀರ್ಪು ಕೊಟ್ಟರು. ಆಕೆ ಬೆಕ್ಕನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಜೊತೆ ಹೆಬ್ಬಾಳಕ್ಕೆ ನಡೆದಳು. ಅದು ಪೊರೆಯಲ್ಲ, ಅದೇ ಮೂರನೆಯ ರೆಪ್ಪೆ, ಬೆಕ್ಕಿನ ಮೈ ಸೊರಗಿದಾಗ ಹಾಗೆ ಮೇಲೆ ಬರುತ್ತದೆ ಎಂದು ಡಾಕ್ಟರು ಹೊಟ್ಟೆಹುಳುವಿಗೆ ಮದ್ದು ಕೊಟ್ಟರು. ಬೆಕ್ಕು ತಿಂದು ಮೈ ತುಂಬಿಕೊಂಡ ಮೇಲೆ ಪರದೆ ತಾನಾಗಿ ಸರಿಯಿತು. ಅಂಗಳದಲ್ಲಿ ಯಾರೂ ತಮ್ಮ ತೀರ್ಪನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ.

ಬೇಸಿಗೆಯ ಒಂದು ಶನಿವಾರ ಬೆಳಗ್ಗೆ ನಾಯಿಯ ಬಲಗಣ್ಣಿನಲ್ಲೂ ಅದೇ ಕೆಂಪು ಗಂಟು ಎದ್ದಿತ್ತು.

ಭಯವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆ ದಿನ ಪಾಳಿ ಮುಗಿಯುವ ಹೊತ್ತಿಗೆ ಡಾಕ್ಟರು ಸಿಗುವುದಿಲ್ಲ, ಸೋಮವಾರ ರಜೆ ಹಾಕಿ ಹೋಗಬೇಕು ಎಂದುಕೊಂಡೆ. ನಲ್ಲಿಯ ಹತ್ತಿರ ಯಾರೋ ನೋಡಿ ಮಾಲೀಕರಿಗೆ ಹೇಳಿದರು. ಭಾನುವಾರ ಬೆಳಗ್ಗೆ ಅವರು ಹರಳೆಣ್ಣೆಯಲ್ಲಿ ನೆನೆಸಿದ ಕುದುರೆ ಕೂದಲನ್ನು ಬೆರಳಿಗೆ ಸುತ್ತಿಕೊಂಡು, ನಾಯಿ ಹಿಡಿಯಲು ಕೊಟ್ಟಿಗೆಯ ಆಳನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದರು. ಕೆಟ್ಟ ಮನಸ್ಸಿನಿಂದ ಬಂದರು ಎಂದು ನಾನು ಈಗಲೂ ಹೇಳುವುದಿಲ್ಲ. ಅವರ ಲೆಕ್ಕದಲ್ಲಿ ಮೊದಲ ಕಣ್ಣಿನ ಗಂಟನ್ನು ಅವರು ಗುಣಪಡಿಸಿದ್ದರು. ಆಮೇಲೆ ಬಂದದ್ದು ಬೇರೆ ಕಾಯಿಲೆ, ಉಷ್ಣ. ತಮ್ಮ ಕೈಯಿಂದ ಕೆಟ್ಟದ್ದಾಗಿದೆ ಎಂಬುದು ಅವರ ತಲೆಗೆ ಹೋಗಲು ದಾರಿಯೇ ಇರಲಿಲ್ಲ. ನಾನು ಆಸ್ಪತ್ರೆಯಲ್ಲಿ ಕೇಳಿದ್ದನ್ನೆಲ್ಲ ಮೊದಲೇ ಒಂದು ಸಲ ಹೇಳಿದ್ದೆ. ದನ ಕಂಡಿರದ ಹುಡುಗಿ ನನಗೆ ಹೇಳುತ್ತಾಳೆ ಎಂದು ಅವರು ಊರಲ್ಲೆಲ್ಲ ನಕ್ಕಿದ್ದರು.

ನಾನು ಹೊಸ್ತಿಲ ಮೇಲೆ ನಿಂತೆ. ನಾಯಿ ಒಳಗೆ ಅಮ್ಮನ ಮಂಚದ ಕೆಳಗಿತ್ತು.

"ಏಳ್ತೀನಿ ಕೇಳಮ್ಮ, ಬಲಿಯೋಕ್ ಮುಂಚೆ ಕಟ್ಬೇಕು," ಎಂದರು. "ಬಿಟ್ರೆ ಈ ಕಣ್ಣೂ ಓಯ್ತದೆ."

"ಆ ಕಣ್ಣು ಹೋಗಿದ್ದೇ ಕಟ್ಟಿದ್ದಕ್ಕೆ. ಬೇಡ."

ವಠಾರದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಅಷ್ಟು ಜನರ ಎದುರಿಗೆ ಆ ಮಾತು ಅವರಿಗೆ ಚುಚ್ಚಿತು. ತಮ್ಮ ತಾತನ ಕಾಲದಿಂದ ಕಟ್ಟಿದ್ದು, ಎಷ್ಟು ದನ, ಎಷ್ಟು ಜನ, ಯಾರಿಗೂ ಏನೂ ಆಗಲಿಲ್ಲ ಎಂದು ಹೇಳಿದರು. ಕತ್ತಿನ ಮೇಲಿನ ನರಹುಲಿಗೆ ಏನೂ ಆಗದಿರಬಹುದು, ಇದು ಕಣ್ಣು ಎಂದೆ. ನಾಯಿಯ ಕಣ್ಣು ತಾನೇ ಎಂದು ಯಾರೋ ಹಿಂದಿನಿಂದ ಹೇಳಿದರು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

"ನಿಮ್ ಕಣ್ಣಲ್ಲಿ ಎದ್ದಿದ್ರೆ ಕಟ್ಟಿಸ್ಕೊಂಡಿರ್ತಿದ್ರಾ?" ಎಂದು ಮಾಲೀಕರನ್ನು ಕೇಳಿದೆ. "ಮೊದಲು ನಿಮ್ ಕಣ್ಣಿಗೆ ಕಟ್ಟಿಸ್ಕೊಂಡು ತೋರ್ಸಿ. ಆಮೇಲೆ ಒಳಗೆ ಬನ್ನಿ."

ಅವರ ಮುಖ ಕೆಂಪಾಯಿತು. ಮನೆ ನಂದು, ನಾಯಿ ನಂದು, ಪಕ್ಕಕ್ಕೆ ಸರಿ ಎಂದರು.

"ಮನೆ ನಿಮ್ದು, ಖಾಲಿ ಮಾಡ್ತೀನಿ. ನಾಯಿ ನನ್ದು. ಇದೇ ಅಂಗಳದಲ್ಲಿ ಎಲ್ರ ಮುಂದೆ ಕೊಟ್ಟಿದ್ದೀರಿ."

ಖಾಲಿ ಮಾಡುತ್ತೇನೆ ಎಂಬುದು ನಾನು ಯೋಚಿಸಿ ಆಡಿದ ಮಾತಲ್ಲ. ಬಾಯಿಂದ ಬಂದ ಮೇಲೆ ಹಿಂದೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಒಳಗೆ ಅಮ್ಮ ಗೋಡೆ ಹಿಡಿದುಕೊಂಡದ್ದು ನನಗೆ ಗೊತ್ತಾಯಿತು. ಅಪ್ಪ ಇದ್ದಾಗಿನಿಂದ ಇದ್ದ ಮನೆ ಅದು. ಮಾಲೀಕರು ತಮ್ಮ ಆಳಿನ ಕಡೆ ನೋಡಿದರು. ಅವನು ಕೈಕಟ್ಟಿ ನೆಲ ನೋಡುತ್ತಿದ್ದ. ಹೆಂಗಸನ್ನು ತಳ್ಳಿ ಒಳಗೆ ನುಗ್ಗಲು ಅವನಿಗೂ ಮನಸ್ಸಿರಲಿಲ್ಲ. ಅಷ್ಟು ಹೊತ್ತಿಗೆ ಪಕ್ಕದ ಮನೆಯಾಕೆ ಬಂದು ನನ್ನ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತೇಬಿಟ್ಟಳು. ಒಳಗಿದ್ದ ಅಮ್ಮನಿಗೆ, ಡರೋ ನಕ್ಕೋ, ಹೆದರ್ಬೇಡಿ ಅಮ್ಮಾ ಎಂದಳು. ಮಾಲೀಕರು ತಿಂಗಳ ಕೊನೆಗೆ ಮನೆ ಬಿಡಬೇಕು ಎಂದು ಹೇಳಿ ಹೋದರು. ಬೆರಳಿಗೆ ಸುತ್ತಿದ್ದ ಕೂದಲು ಹಾಗೇ ಇತ್ತು.

ಸೋಮವಾರ ಡಾಕ್ಟರು ಗಂಟನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಎಲ್ಲ ಕಡೆಯೂ ಇದನ್ನು ಕತ್ತರಿಸಿ ತೆಗೆಯುತ್ತಾರೆ, ತಾವೂ ತೆಗೆದಿದ್ದಾರೆ. ಎಷ್ಟೋ ನಾಯಿಗೆ ಏನೂ ಆಗುವುದಿಲ್ಲ, ಕೆಲವಕ್ಕೆ ವರ್ಷಗಳ ಮೇಲೆ ಕಣ್ಣು ಒಣಗುತ್ತದೆ. ಈ ನಾಯಿಯ ಒಂದು ಕಣ್ಣು ಈಗಾಗಲೇ ಒಣಗಿದೆ. ಕತ್ತರಿಸದೆ ಗ್ರಂಥಿಯನ್ನು ಒಳಗೆ ಕೂರಿಸಿ ಹೊಲಿಗೆ ಹಾಕುವ ವಿಧಾನವನ್ನು ಈಚೆಗೆ ಓದಿದ್ದಾರೆ, ಮಾಡಿ ನೋಡಿಲ್ಲ.

"ಮತ್ತೆ ಆಚೆ ಬರ್ಬಹುದು," ಎಂದರು.

"ಬಂದ್ರೆ ಮತ್ತೆ ಬರ್ತೀವಿ," ಎಂದೆ.

ಹೊಲಿಗೆ ಹಾಕಿದರು. ಮಂಪರಿನಲ್ಲಿದ್ದ ನಾಯಿಯನ್ನು ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ತಂದೆವು. ಕಾಲಿನಿಂದ ಕೆರೆದುಕೊಳ್ಳದ ಹಾಗೆ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ ಅದರ ಕತ್ತಿಗೆ ಹಾಕಿದೆ. ನೀಲಿ ಬಕೆಟ್ಟಿನೊಳಗಿಂದ ಇಣುಕುವ ನಾಯಿಯನ್ನು ನೋಡಲು ಬೀದಿಯ ಮಕ್ಕಳು ಸಾಲುಗಟ್ಟಿದರು. ಅಮ್ಮನಿಗೆ ನಗು ತಡೆಯಲಾಗಲಿಲ್ಲ, ಆ ತಿಂಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ. ನಾನು ಪಾಳಿ ಮುಗಿಸಿ ಸಂಜೆಯೆಲ್ಲ ಮನೆ ಹುಡುಕುತ್ತಿದ್ದೆ. ನಾಯಿ ಇದೆ ಎಂದ ಕೂಡಲೇ ಆರ್. ಟಿ. ನಗರದಲ್ಲಿ ಎರಡು ಬಾಗಿಲು ಮುಖಕ್ಕೇ ಮುಚ್ಚಿಕೊಂಡವು. ನಾಯಿ ಇಲ್ಲ ಎಂದು ಹೇಳಿ ಆಮೇಲೆ ತರಬಹುದಲ್ಲ ಎಂದು ಕಾರ್ಖಾನೆಯ ಗೆಳತಿಯರು ಉಪಾಯ ಹೇಳಿಕೊಟ್ಟರು. ಯಾಕೆ ಕದ್ದು ತರಬೇಕು? ಪ್ರತಿ ಮನೆಯಲ್ಲೂ ಮೊದಲ ಮಾತೇ ನಾಯಿಯ ವಿಷಯ ಹೇಳಿದೆ.

ಗಾಯ ಮಾಗುವ ಮೊದಲೇ ಹೊಲಿಗೆ ಸಡಿಲವಾಗಿ ಗಂಟು ಮತ್ತೆ ಆಚೆ ಬಂತು.

ವಠಾರಕ್ಕೆ ಹಬ್ಬ. ನೋಡಿದಿರಾ, ಕಟ್ಟಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು ಎಂದು ಮಾಲೀಕರು ಹಾಲು ಅಳೆಯುತ್ತಾ ಪ್ರತಿಯೊಬ್ಬರಿಗೂ ಹೇಳಿದರು. ಅವರು ಈಗ ಜಗಳಕ್ಕೆ ಬರಲಿಲ್ಲ, ಕನಿಕರ ತೋರಿಸಿದರು. ಅದರಿಂದ ನನಗೆ ಜಗಳಕ್ಕಿಂತ ಹೆಚ್ಚು ಉರಿಯಿತು. ತಪ್ಪಾಯಿತು ಎಂದು ಒಂದು ಮಾತು ಹೇಳಿದರೆ ಸಾಕು, ಮನೆಯೂ ಬಿಡಬೇಕಾಗಿಲ್ಲ, ಕಣ್ಣನ್ನೂ ತಾವೇ ಸರಿಮಾಡಿಕೊಡುತ್ತೇವೆ ಎಂದು ಅಮ್ಮನ ಮೂಲಕ ಹೇಳಿ ಕಳಿಸಿದರು. ಅಮ್ಮ ಅದನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವರಿಗೆ ಆ ಮನೆ ಬೇಕಾಗಿತ್ತು. ನಾನು ಏನು ಹೇಳಲಿ ಎಂದು ಕೇಳಿದೆ. ಅಮ್ಮ ಬಹಳ ಹೊತ್ತು ಅಕ್ಕಿ ಆರಿಸಿದರು. ಆಮೇಲೆ, ದಿನಾ ಆ ಕಣ್ಣಿಗೆ ಹನಿ ಬಿಡೋಳು ನಾನು, ಆ ಕಣ್ಣು ಹೇಗಾಗಿದೆ ಅಂತ ನನಗೆ ಗೊತ್ತು, ಇನ್ನೊಂದನ್ನ ಹಾಗೆ ಮಾಡೋದು ಬೇಡ, ಹೋಗೋಣ ಎಂದರು. ನಾನು ಗಟ್ಟಿಗಿತ್ತಿ ಎಂದು ಎಲ್ಲರೂ ಹೇಳುತ್ತಾರೆ. ಬಿಡಲಾಗದ ಮನೆಯನ್ನು ಬಿಟ್ಟ ನಮ್ಮಮ್ಮ ನನಗಿಂತ ಗಟ್ಟಿ ಎಂದು ನಾನು ಹೇಳುತ್ತೇನೆ.

ಮತ್ತೆ ಹೆಬ್ಬಾಳ. ಡಾಕ್ಟರಿಗೆ ಸಂಕೋಚವಾಗಿತ್ತು. ಮೊದಲೇ ಹೇಳಿದ್ದಿರಲ್ಲ, ಇದರಲ್ಲಿ ಸಂಕೋಚ ಏನು, ಇನ್ನೊಂದು ಸಲ ಹಾಕಿ ಎಂದೆ. ಈ ಸಲ ಅವರು ಹೊಲಿಗೆಯನ್ನು ಇನ್ನೂ ಆಳಕ್ಕೆ, ಕಣ್ಣಿನ ಗೂಡಿನ ಅಂಚಿನ ಗಟ್ಟಿ ಪದರಕ್ಕೇ ಸಿಕ್ಕಿಸಿ ಹಾಕಿದರು. ಬಹಳ ಹೊತ್ತು ಹಿಡಿಯಿತು. ನಾವು ಜಗುಲಿಯಲ್ಲಿ ಎಮ್ಮೆಗಳ ನಡುವೆ ಕಾದೆವು. ಅದೇ ವಾರ ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಸಿ ಕೊಡಿಗೇಹಳ್ಳಿಯ ಹತ್ತಿರ, ಸಹಕಾರನಗರ ಆಗತಾನೇ ಏಳುತ್ತಿದ್ದ ಕಡೆ, ಒಂದು ಪುಟ್ಟ ಮನೆಗೆ ಹೋದೆವು. ಅಕ್ಕಪಕ್ಕ ಖಾಲಿ ಸೈಟು, ರಾತ್ರಿ ನರಿ ಕೂಗುತ್ತಿತ್ತು, ನೀರಿಗೆ ದೂರದ ಬಾವಿ. ಆ ಮನೆಯವರಿಗೆ ಆ ಬಯಲಲ್ಲಿ ನಾಯಿ ಇರುವ ಬಾಡಿಗೆದಾರರೇ ಬೇಕಾಗಿತ್ತು. ಹೊರಡುವ ದಿನ ಪಕ್ಕದ ಮನೆಯಾಕೆ ಅಮ್ಮನ ಕೈ ಹಿಡಿದು ಅತ್ತಳು. ವಠಾರದ ಮಿಕ್ಕವರು ಬಾಗಿಲ ಸಂದಿಯಿಂದ ನೋಡಿದರು. ನಾನು ಬಕೆಟ್ಟಿನ ನಾಯಿಯನ್ನು ಗಾಡಿಯ ಮುಂದುಗಡೆ, ಎಲ್ಲರಿಗೂ ಕಾಣುವ ಹಾಗೆ ಕೂರಿಸಿಕೊಂಡು ಅಂಗಳ ದಾಟಿದೆ.

ಹೊಲಿಗೆ ನಿಂತಿತು. ಊತ ಇಳಿದು ಗಂಟು ಒಳಗೇ ಕೂತಿತು. ಬಕೆಟ್ಟು ತೆಗೆದ ದಿನ ನಾಯಿ ಖಾಲಿ ಸೈಟುಗಳ ತುಂಬ ಹುಚ್ಚೆದ್ದ ಹಾಗೆ ಓಡಿತು, ಎಡಗಡೆಯ ಕಲ್ಲುಗಳಿಗೆ ಡಿಕ್ಕಿ ಹೊಡೆಯುತ್ತಾ, ಬಲಗಡೆಯ ಚಿಟ್ಟೆಗಳನ್ನು ಅಟ್ಟುತ್ತಾ. ಬರುಬರುತ್ತಾ ಅದು ಕತ್ತನ್ನು ತುಸು ತಿರುಗಿಸಿ ನಡೆಯುವುದನ್ನು ಕಲಿತು ಒಂದೇ ಕಣ್ಣಿನಲ್ಲಿ ಎರಡು ಕಡೆಯನ್ನೂ ನೋಡಿಕೊಂಡಿತು. ಎಡಗಣ್ಣಿಗೆ ಹನಿ ಬಿಡುವುದು ಮುಂದುವರಿಯಿತು. ಕಾಣದ ಕಣ್ಣಿಗೆ ಯಾಕೆ ಇಷ್ಟು ಉಪಚಾರ ಎಂದು ಕೇಳಿದವರಿದ್ದರು. ಕಾಣದಿದ್ದರೂ ಉರಿಯುತ್ತದೆ ಎಂದು ಹೇಳಿ ಹೇಳಿ ಸಾಕಾಯಿತು.

ಎರಡು ಮೂರು ವರ್ಷ ಕಳೆದಿರಬೇಕು. ಒಂದು ಬೆಳಗ್ಗೆ ಮಾಲೀಕರು ಬಂದರು, ಮಗಳ ಮದುವೆಗೆ ಕರೆಯಲು. ನಮ್ಮನ್ನು ಮರೆತಿಲ್ಲವಲ್ಲ ಎಂದು ಅಮ್ಮನಿಗೆ ಬಹಳ ಖುಷಿಯಾಯಿತು; ಕುರ್ಚಿ ಹಾಕಿ ಕಾಫಿಗೆ ನೀರಿಟ್ಟರು. ಮಾಲೀಕರು ವಯಸ್ಸಾದ ಹಾಗೆ ಕಂಡರು. ನಾಯಿ ಬಾಗಿಲ ಬಿಸಿಲಿನಲ್ಲಿ ಮಲಗಿತ್ತು. ಅವರು ಕುರ್ಚಿಯಿಂದ ಬಗ್ಗಿ ಅದರ ತಲೆ ಸವರಲು ಎಡಗಡೆಯಿಂದ ಕೈ ಚಾಚಿದರು. ಕಾಣದ ಕಡೆಯಿಂದ ಕೈ ತಗುಲಿದ್ದೇ ತಡ, ನಾಯಿ ಬೆಚ್ಚಿ ಚಂಗನೆ ದೂರ ಹಾರಿತು. ಆಮೇಲೆ ನಿಂತು, ಕತ್ತು ಪೂರ್ತಿ ತಿರುಗಿಸಿ, ಬಲಗಣ್ಣಿನಿಂದ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿತು. ನೋಡುತ್ತಿದ್ದ ಹಾಗೆ ಬಾಲ ಅಲ್ಲಾಡತೊಡಗಿತು. ಓಡಿ ಬಂದು ಅವರ ಪಂಚೆಗೆ ಮುಖ ಉಜ್ಜಿತು.

ಅವರು ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಅದು ನಾಟಕವಲ್ಲ, ನಾನು ನೋಡಿದೆ.

"ನೋಡ್ದೇನಮ್ಮ," ಎಂದರು. "ಅದುಕ್ಕೆ ನನ್ ಮೇಲೆ ಒಂಚೂರೂ ಕ್ವಾಪ ಇಲ್ಲ."

"ಅದಕ್ಕಿಲ್ಲ," ಎಂದೆ. "ನನಗಿದೆ. ನಿಮ್ಮನ್ನ ಯಾವ ಕಣ್ಣಲ್ಲಿ ಗುರುತು ಹಿಡೀತು ಅಂತ ನೋಡಿ."

ಅಮ್ಮ ಒಳಗಿನಿಂದ ನನ್ನನ್ನು ಕಣ್ಣಲ್ಲೇ ಗದರಿಸಿದರು. ಮಾಲೀಕರು ನಾಯಿಯ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು, ಹತ್ತಿರದಿಂದ, ಬಹಳ ಹೊತ್ತು ನೋಡಿದರು. ಪಕ್ಕದಲ್ಲಿಟ್ಟ ಕಾಫಿ ತಣ್ಣಗಾಯಿತು. ಬಿಸಿ ಮಾಡಿಕೊಡಲೇ ಎಂದು ನಾನು ಕೇಳಲಿಲ್ಲ.